ಮೂಸಿ ನದಿಯ ಮಹಾಪೂರವೂ ಅದು ಕಲಿಸುವ ಪಾಠವೂ

ಹೈದರಾಬಾದಿನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಮೂಸಿ ನದಿಯ ಸೇತುವೆಯನ್ನು ದಾಟದವರು ಇರಲಾರರು. ಬೇಸಗೆಯ ದಿನಗಳಲ್ಲಿ ಸೇತುವೆಯ ಮೇಲಿನಿಂದ ಕೆಳಗೆ ನೋಡಿದರೆ, ವಿಶಾಲವಾದ ಪಾತ್ರದ ನಡುವೆ ಕಪ್ಪು ನೀರಿನದೊಂದು ಸಣ್ಣ ಹರಿವು ಮಾತ್ರ ಕಾಣುತ್ತದೆ. ಇಷ್ಟು ಬಡಕಲಾದ ನದಿಗೆ ಇಷ್ಟು ಎತ್ತರದ ದಡಗಳೇಕೆ, ಇಷ್ಟು ಬಲವಾದ ಗೋಡೆಗಳೇಕೆ ಎಂಬ ಪ್ರಶ್ನೆ ಜಿಜ್ಞಾಸುವಾದ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರವು 1908ನೆಯ ಇಸವಿಯ ಒಂದು ದಿನದಲ್ಲಿ ಅಡಗಿದೆ. ಈ ಪಾಠದಲ್ಲಿ ನಾವು ಆ ದಿನದ ಘಟನೆಯನ್ನೂ, ಅದರ ಕಾರಣಗಳನ್ನೂ, ಸಮಾಜವು ಅದನ್ನು ಎದುರಿಸಿದ ಬಗೆಯನ್ನೂ, ಇಂದಿಗೂ ಪ್ರವಾಹದ ಭಯವು ಏಕೆ ತೀರಿಲ್ಲವೆಂಬುದನ್ನೂ ವಿಚಾರಮಾಡೋಣ.

ನದಿಯ ಪರಿಚಯ

ಮೂಸಿಯು ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಹೈದರಾಬಾದಿನ ಸಮೀಪದಲ್ಲಿ ಈಸಿ ಎಂಬ ಉಪನದಿಯನ್ನು ಕೂಡಿಕೊಂಡು, ನಗರದ ನಡುವೆ ಸಾಗಿ, ಮುಂದೆ ಕೃಷ್ಣಾ ನದಿಯನ್ನು ಸೇರುತ್ತದೆ. ಹೀಗೆ ನೋಡಿದರೆ ನಮ್ಮ ರಾಯಚೂರು ಸೀಮೆಯ ಅಂಚಿನಲ್ಲಿ ಹರಿಯುವ ಕೃಷ್ಣೆಯ ಬಳಗಕ್ಕೇ ಮೂಸಿಯೂ ಸೇರಿದವಳು. ನಗರದ ಮೇಲ್ಗಡೆಯ ಜಲಾನಯನ ಪ್ರದೇಶ, ಎಂದರೆ ಯಾವ ನೆಲದ ಮೇಲೆ ಬಿದ್ದ ಮಳೆಯು ಹರಿದು ಈ ನದಿಯನ್ನು ಸೇರುವುದೋ ಆ ಪ್ರದೇಶದ ವಿಸ್ತಾರ, ಸುಮಾರು 860 ಚದರ ಮೈಲಿ. ಈ ನೆಲದಲ್ಲಿ ಹಿಂದಿನವರು ನೂರಾರು ಕೆರೆಗಳನ್ನು ಕಟ್ಟಿದ್ದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಇಳಿಯುವಂತೆ ಅವು ಸರಪಳಿಯಾಗಿ ಹೆಣೆದುಕೊಂಡಿದ್ದುವು.

1908ರ ಸೆಪ್ಟೆಂಬರ್ 28

ಆ ವರ್ಷದ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅಸಾಧಾರಣವಾದ ಮಳೆಯಾಯಿತು. ನಗರದ ದಕ್ಷಿಣಕ್ಕಿರುವ ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. 28ನೆಯ ತಾರೀಖು ಸೋಮವಾರ ಮೂಸಿಯು ದಂಡೆಗಳನ್ನು ಮೀರಿ ನಗರದೊಳಗೆ ನುಗ್ಗಿತು. ಅಫ್ಜಲ್‌ಗಂಜ್, ಬೇಗಂ ಬಜಾರ್, ಕೋಲ್ಸಾವಾಡಿ ಮುಂತಾದ ತಗ್ಗಿನ ಮೊಹಲ್ಲಾಗಳಲ್ಲಿ ಮಣ್ಣಿನ ಮನೆಗಳು ಕರಗಿ ಕುಸಿದುವು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮುರಿದುವು. 1578ರಲ್ಲಿ ಕುತುಬ್‌ಶಾಹಿ ಅರಸರು ಕಟ್ಟಿಸಿದ ಪುರಾನಾಪುಲ್ ಒಂದೇ ಪೆಟ್ಟು ತಿಂದರೂ ನಿಂತಿತು. ನದೀತೀರದ ಆಸ್ಪತ್ರೆಯೂ ನಾಶವಾಯಿತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಬಿದ್ದುಹೋದ ಮನೆಗಳು 19,000ದಷ್ಟು. ಊರಿನ ಹಿರಿಯರು ಇದನ್ನು ‘ತುಗ್ಯಾನಿ ಸಿತಂಬರ್’ ಎಂದು ಕರೆಯುತ್ತ ಬಂದಿದ್ದಾರೆ.

ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಯ ಮರವಿದೆ. ಆ ದಿನ ಅದರ ಕೊಂಬೆಗಳನ್ನು ಹತ್ತಿ ಕುಳಿತ ಸುಮಾರು 150 ಜನರು ಬದುಕಿ ಉಳಿದರು. ಉರ್ದು ರುಬಾಯಿಗಳಿಗೆ ಪ್ರಖ್ಯಾತರಾದ ಅಮ್ಜದ್ ಹೈದರಾಬಾದಿಯವರು ತಮ್ಮ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಆ ಪ್ರವಾಹದಲ್ಲಿ ಕಳೆದುಕೊಂಡು ತಾವೊಬ್ಬರೇ ಉಳಿದರು. ಸತ್ತವರ ಲೆಕ್ಕವನ್ನು ಒಂದೇ ಅಂಕಿಯಲ್ಲಿ ಬರೆಯುವಾಗ, ಅದರ ಒಂದೊಂದು ಘಟಕವೂ ಹೀಗೆ ಯಾರದೋ ತಾಯಿ, ಯಾರದೋ ಮಗಳು ಎಂಬುದನ್ನು ನಾವು ಮರೆಯಲಾಗದು.

ಪ್ರವಾಹಕ್ಕೆ ಕಾರಣಗಳು

ಮಳೆ ಹೆಚ್ಚಾಯಿತು, ಆದುದರಿಂದ ಹೊಳೆ ತುಂಬಿತು ಎಂದಿಷ್ಟೇ ಹೇಳಿದರೆ ಉತ್ತರ ಪೂರ್ಣವಾಗದು. ಕಾರಣಗಳನ್ನು ಬಿಡಿಬಿಡಿಯಾಗಿ ನೋಡಬೇಕು.

ಮೊದಲನೆಯದು ಅತಿವೃಷ್ಟಿ. ನೆಲವು ಮಳೆಯನ್ನು ಹೀರಿಕೊಳ್ಳುವುದಕ್ಕೆ ಒಂದು ಮಿತಿಯಿದೆ. ಮೊದಲ ದಿನದ ಮಳೆಗೇ ನೆನೆದು ತಣಿದ ನೆಲದ ಮೇಲೆ ಎರಡನೆಯ ದಿನ ಬಿದ್ದ ಮಳೆಯು ಬಹುಪಾಲು ಹರಿದೇ ಹೋಗುತ್ತದೆ.

ಎರಡನೆಯದು ಕೆರೆಗಳು ಒಡೆದುದು. ಈ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳ ಕಟ್ಟೆಗಳು ಒಡೆದುವೆಂದು ಬಳಿಕ ನಡೆದ ತನಿಖೆಯಿಂದ ತಿಳಿಯಿತು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ನೀರನ್ನು ಹಿಡಿದಿಡಬೇಕಾದ ಸರಪಳಿಯೇ ಹೀಗೆ ನೀರನ್ನು ದೂಡುವ ಸರಪಳಿಯಾಗುತ್ತದೆ. ಕೆರೆಯನ್ನು ಕಟ್ಟಿದರೆ ಸಾಲದು. ಕಟ್ಟೆಯನ್ನೂ ಕೋಡಿಯನ್ನೂ ವರ್ಷ ವರ್ಷವೂ ದುರಸ್ತಿಯಲ್ಲಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯದು ಮನುಷ್ಯನ ವಸತಿ. ನದಿಯು ವರ್ಷದಲ್ಲಿ ಹತ್ತು ತಿಂಗಳು ಬಳಸದ ಪಾತ್ರವನ್ನು ಜನರು ತಮ್ಮದೆಂದು ಭಾವಿಸಿ ಅಲ್ಲಿ ಮನೆ ಕಟ್ಟುತ್ತಾರೆ. ನದಿಯಾದರೋ ತನ್ನ ಜಾಗವನ್ನು ಮರೆಯುವುದಿಲ್ಲ.

ಒಂದು ಲೆಕ್ಕ

ಅಂದು ನಗರದ ಬಳಿ ಹರಿದ ನೀರಿನ ಗರಿಷ್ಠ ಪ್ರಮಾಣವು ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಎಂದು ಎಣಿಸಲಾಯಿತು. ಸೆಕೆಂಡಿಗೆ ಒಂದು ಘನ ಅಡಿಯ ಹರಿವಿಗೆ ‘ಕ್ಯೂಸೆಕ್’ ಎಂದು ಹೆಸರು. ಇದರ ಅರ್ಥವನ್ನು ಗಣಿತದ ಸಹಾಯದಿಂದ ತಿಳಿಯೋಣ.

ಒಂದು ಮೈಲಿಗೆ 5,280 ಅಡಿ. ಆದುದರಿಂದ ಒಂದು ಚದರ ಮೈಲಿಗೆ 2,78,78,400 ಚದರ ಅಡಿ. ಇದನ್ನು 860ರಿಂದ ಗುಣಿಸಿ, ಒಂದು ಅಂಗುಲವು ಅಡಿಯ ಹನ್ನೆರಡನೆಯ ಒಂದು ಭಾಗವಾದುದರಿಂದ 12ರಿಂದ ಭಾಗಿಸಿದರೆ, ಸುಮಾರು 200 ಕೋಟಿ ಘನ ಅಡಿ ಬರುತ್ತದೆ. ಎಂದರೆ ಇಡೀ ಜಲಾನಯನ ಪ್ರದೇಶದ ಮೇಲಿನಿಂದ ಒಂದೇ ಒಂದು ಅಂಗುಲದಷ್ಟು ನೀರು ಹರಿದು ಬಂದರೂ ಅದು 200 ಕೋಟಿ ಘನ ಅಡಿಯಾಗುತ್ತದೆ. ನಮ್ಮ ಬೆರಳಿನ ಎರಡು ಗೆರೆಗಳ ನಡುವಿನಷ್ಟು ಆಳದ ಮಳೆಯು ಬೆಟ್ಟ ಬಯಲುಗಳಿಂದ ಒಂದೆಡೆ ಕೂಡಿದಾಗ ಏನಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಉಳಿತಾಯದ ವಿಷಯದಲ್ಲಿ ಹೇಳುವುದುಂಟು. ಪ್ರವಾಹದ ವಿಷಯದಲ್ಲಿಯೂ ಅದು ಅಷ್ಟೇ ನಿಜ.

ಸಮಾಜದ ಸಹಾಯಹಸ್ತ

ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರು ನಿರಾಶ್ರಿತರಿಗಾಗಿ ಅರಮನೆಯ ಬಾಗಿಲುಗಳನ್ನು ತೆರೆಸಿದರು. ಊರವರು ಮತಭೇದವನ್ನೆಣಿಸದೆ ಅನ್ನ ಬಟ್ಟೆಗಳನ್ನು ಹಂಚಿದರು. ಈ ನಗರದವರೇ ಆದ ಸರೋಜಿನಿ ನಾಯಿಡು ಅವರು ಪರಿಹಾರಕಾರ್ಯದಲ್ಲಿ ದುಡಿದು ‘ಕೈಸರ್-ಇ-ಹಿಂದ್’ ಪದಕವನ್ನು ಪಡೆದರು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವಾದ ಬಳಿಕ ಅದನ್ನು ಸರಕಾರಕ್ಕೆ ಹಿಂದಿರುಗಿಸಿದರು.

ಅನ್ನದಾನವು ಅವಶ್ಯವಾದುದು, ಆದರೆ ಮುಂದಿನ ಪ್ರವಾಹವನ್ನು ಅದು ತಡೆಯದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂದು ನಾವು ನಗುತ್ತೇವೆ. ಆದರೆ ಕೊಳ್ಳೆಹೋದ ಮೇಲಾದರೂ ಬಾಗಿಲನ್ನು ಹಾಕದವರು ಅವರಿಗಿಂತ ಅವಿವೇಕಿಗಳು. ಹೈದರಾಬಾದ್ ಸರಕಾರವು ಬಾಗಿಲು ಹಾಕಲು ಮುಂದಾಯಿತು. ಅದಕ್ಕಾಗಿ ಒಬ್ಬ ಕನ್ನಡಿಗರನ್ನು ಕರೆಯಿತು.

ವಿಶ್ವೇಶ್ವರಯ್ಯನವರ ಯೋಜನೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯನ್ನು ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದಾಗ ಅವರಿಗೆ ಈ ಕರೆ ಬಂದಿತು. 1909ರ ಏಪ್ರಿಲಿನಲ್ಲಿ ಅವರು ಹೈದರಾಬಾದಿಗೆ ಬಂದು, ಮಳೆಯ ದಾಖಲೆಗಳನ್ನೂ, ನೀರು ಏರಿದ ಗುರುತುಗಳನ್ನೂ, ಒಡೆದ ಕೆರೆಗಳ ವಿವರಗಳನ್ನೂ ಸಂಗ್ರಹಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿದರು. ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ತೆರಳಿದರು.

ಅವರ ಯೋಜನೆಯ ತಿರುಳು ಸರಳವಾದುದು. ನಗರದೊಳಗೆ ಬಂದ ನೀರಿನೊಡನೆ ಹೋರಾಡುವುದಕ್ಕಿಂತ, ಅದು ನಗರಕ್ಕೆ ಬರುವ ಮೊದಲೇ ತಡೆದು ನಿಲ್ಲಿಸಿ, ನದಿಯ ಪಾತ್ರವು ತಾಳುವಷ್ಟನ್ನು ಮಾತ್ರ ಮೆಲ್ಲಮೆಲ್ಲನೆ ಬಿಡಬೇಕು. ಇದಕ್ಕಾಗಿ ನಗರದಿಂದ ಸುಮಾರು ಎಂಟೂವರೆ ಮೈಲಿ ಮೇಲೆ ಮೂಸಿಗೂ, ಆರೂವರೆ ಮೈಲಿ ಮೇಲೆ ಈಸಿಗೂ ಅಣೆಕಟ್ಟುಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. ಮೊದಲನೆಯದು 1920ರಲ್ಲಿ ಉಸ್ಮಾನ್ ಸಾಗರವಾಗಿ, ಎರಡನೆಯದು 1927ರಲ್ಲಿ ಹಿಮಾಯತ್ ಸಾಗರವಾಗಿ ಪೂರ್ಣಗೊಂಡಿತು. ನಾವು ವಿಹಾರಕ್ಕೆ ಹೋಗುವ ಗಂಡಿಪೇಟೆಯ ಕೆರೆಯೇ ಈ ಉಸ್ಮಾನ್ ಸಾಗರ. ನಗರದೊಳಗಿನ ದಂಡೆಗಳನ್ನು ಎತ್ತರಿಸಿ, ಅವುಗಳ ಮೇಲೆ ರಸ್ತೆಗಳನ್ನೂ ಉದ್ಯಾನಗಳನ್ನೂ ನಿರ್ಮಿಸಬೇಕೆಂಬುದೂ ಅವರ ಸಲಹೆಯಾಗಿತ್ತು. 1912ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಲಿಯು ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿತು.

ಮತ್ತೆ ಪ್ರವಾಹವೇಕೆ?

ಹಾಗಾದರೆ ಭಯವು ತೀರಿತೇ? ಇಲ್ಲ. ಮತ್ತೆ ಲೆಕ್ಕಕ್ಕೆ ಬರೋಣ. ಉಸ್ಮಾನ್ ಸಾಗರದಲ್ಲಿ ಸುಮಾರು 390 ಕೋಟಿ, ಹಿಮಾಯತ್ ಸಾಗರದಲ್ಲಿ ಸುಮಾರು 297 ಕೋಟಿ ಘನ ಅಡಿ ನೀರು ಹಿಡಿಯುತ್ತದೆ. ಎರಡೂ ಕೂಡಿ ಮೂರೂವರೆ ಅಂಗುಲದಷ್ಟು ಹರಿವಿಗೆ ಮಾತ್ರ ಸ್ಥಳವುಂಟು. ಅದೂ ಅವು ಬರಿದಾಗಿದ್ದರೆ! ಈ ಸಾಗರಗಳು ಕುಡಿಯುವ ನೀರಿಗೂ ಆಧಾರವಾದುದರಿಂದ ಅವುಗಳನ್ನು ತುಂಬಿಸಿಡಬೇಕೆಂಬ ಆಸೆಯೂ ಸಹಜವೇ. ಬಾಯಾರಿಕೆಯು ತುಂಬಿದ ಕೆರೆಯನ್ನು ಬೇಡುತ್ತದೆ. ಪ್ರವಾಹದ ಭಯವು ಬರಿದಾದ ಕೆರೆಯನ್ನು ಬೇಡುತ್ತದೆ. ಇವೆರಡರ ನಡುವೆ ಸಮತೂಕ ಕಾಯುವುದೇ ಅಣೆಕಟ್ಟನ್ನು ನೋಡಿಕೊಳ್ಳುವವರ ಕಠಿನವಾದ ಕರ್ತವ್ಯ. 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಎರಡೂ ಸಾಗರಗಳಿಂದ ನೀರನ್ನು ಬಿಟ್ಟಾಗ ಮೂಸಿಯು ಉಕ್ಕಿ, ನಾವು ಬೀದರ, ಕಲಬುರಗಿ, ರಾಯಚೂರುಗಳಿಗೆ ಬಸ್ಸು ಹತ್ತುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಕ್ಕೇ ನೀರು ಬಂದಿತು; ಪ್ರಯಾಣಿಕರನ್ನು ಹೊರಗೆ ಕರೆತರಬೇಕಾಯಿತು.

ಇನ್ನೊಂದು ವಿಷಯ. ಅಣೆಕಟ್ಟಿನ ಕೆಳಗೆ, ನಗರದ ನೆತ್ತಿಯ ಮೇಲೆಯೇ ಬೀಳುವ ಮಳೆಯನ್ನು ಆ ಅಣೆಕಟ್ಟು ತಡೆಯಲಾರದು. 2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಸುಮಾರು 24 ಸೆಂಟಿಮೀಟರ್ ಮಳೆಯಾಯಿತು. 2020ರ ಅಕ್ಟೋಬರ್ 13ರಂದು ನಗರದ ಪೂರ್ವದ ಘಟ್ಕೇಸರದಲ್ಲಿ 32 ಸೆಂಟಿಮೀಟರ್ ಮಳೆ ಸುರಿಯಿತು. ಆ ಸಲ ಪಲ್ಲೆಚೆರುವು ಒಡೆದು ಕೆಳಗಿನ ಬಡಾವಣೆಗೆ ನೀರು ನುಗ್ಗಿತು. ಅಪ್ಪಚೆರುವು ಒಡೆದು ಬೆಂಗಳೂರಿನ ಹೆದ್ದಾರಿಯೇ ಹೊಳೆಯಾಯಿತು. ಕೆಲವು ದಿನಗಳ ಮೇಲೆ ಮತ್ತೆ ಮಳೆಯಾದಾಗ ಗುರ್ರಂಚೆರುವು ಒಡೆಯಿತು. ಹತ್ತಾರು ಜನರು ಪ್ರಾಣ ಕಳೆದುಕೊಂಡರು. 1908ರಲ್ಲಿ ಒಡೆದುದೂ ಕೆರೆಗಳೇ, 2020ರಲ್ಲಿ ಒಡೆದುದೂ ಕೆರೆಗಳೇ. ನಡುವೆ 112 ವರ್ಷಗಳು ಕಳೆದಿದ್ದುವು. ಕೆರೆಯ ಅಂಗಳದಲ್ಲಿ ಮನೆಗಳೆದ್ದು, ನೀರು ಹರಿಯುವ ನಾಲಾಗಳು ಕಿರಿದಾಗಿ, ಕಸದಿಂದ ಕಟ್ಟಿಕೊಂಡು, ನೆಲವೆಲ್ಲ ಕಾಂಕ್ರೀಟಿನಿಂದ ಮುಚ್ಚಿಹೋದರೆ, ನೀರಿಗೆ ಉಳಿಯುವ ದಾರಿ ನಮ್ಮ ಬೀದಿಗಳೇ ಅಲ್ಲವೆ?

ನಾಲಾಗಳ ದಂಡೆಯಲ್ಲಿ ವಾಸಿಸುವವರನ್ನು ಹಳಿಯುವುದು ಸುಲಭ. ಆದರೆ ಊರು ಬಿಟ್ಟು ಕೂಲಿಗಾಗಿ ನಗರಕ್ಕೆ ಬಂದವನಿಗೆ ಕಡಿಮೆ ಬಾಡಿಗೆಗೆ ಸಿಗುವುದು ತಗ್ಗಿನ ಜಾಗವೇ. ಅಂತಹ ಕುಟುಂಬಗಳಲ್ಲಿ ನಮ್ಮ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರೂ ಇದ್ದಾರೆ. ಮಳೆಯು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಪ್ರವಾಹವು ಮಾತ್ರ ಬಡವನ ಮನೆಯನ್ನು ಮೊದಲು ಹುಡುಕುತ್ತದೆ. ಆದುದರಿಂದ ಕೆರೆಗಳ ಅಂಗಳವನ್ನು ಬಿಡಿಸುವಾಗ ಅಲ್ಲಿದ್ದ ಬಡವರಿಗೆ ಎತ್ತರದ ನೆಲದಲ್ಲಿ ನೆಲೆಯನ್ನು ಒದಗಿಸುವುದೂ ಪ್ರವಾಹನಿಯಂತ್ರಣದ ಒಂದು ಅಂಗವೆಂದೇ ನಾವು ತಿಳಿಯುತ್ತೇವೆ.

ಸುದ್ದಿಯ ಹೊಣೆ

1908ರಲ್ಲಿ ಬಾನುಲಿ ಇರಲಿಲ್ಲ. ಮೇಲಿನ ಕೆರೆ ಒಡೆದುದು ಕೆಳಗಿನ ಊರಿಗೆ ನೀರು ಬಂದ ಮೇಲೆಯೇ ತಿಳಿಯುವಂತಹ ಕಾಲವದು. ಇಂದು ಹವಾಮಾನ ಇಲಾಖೆಯ ಮುನ್ಸೂಚನೆ, ಆಕಾಶವಾಣಿ, ದೂರದರ್ಶನ, ಪತ್ರಿಕೆಗಳು, ಪ್ರತಿಯೊಬ್ಬರ ಕೈಯಲ್ಲಿಯೂ ಫೋನು, ಇಷ್ಟೆಲ್ಲ ಸಾಧನಗಳಿವೆ. ಇವು ಪ್ರಾಣವನ್ನು ಉಳಿಸಬಲ್ಲವು. ಆದರೆ ಅಣೆಕಟ್ಟು ಒಡೆಯಿತೆಂಬ ಸುಳ್ಳು ಮಾತು ಫೋನಿನಿಂದ ಫೋನಿಗೆ ಹಾರಿದರೆ, ಜನರು ದಿಕ್ಕೆಟ್ಟು ಓಡಿ ನೀರಿಲ್ಲದೆಡೆಯಲ್ಲಿಯೂ ಅನಾಹುತವಾಗಬಹುದು. ಎಲ್ಲಿ, ಯಾವಾಗ, ಯಾರು ಹೇಳಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸುದ್ದಿಯನ್ನು ಮುಂದಕ್ಕೆ ಕಳುಹಿಸಬಾರದು. ಪತ್ರಿಕೆಗಳಿಗೂ ಒಂದು ಹೊಣೆಯುಂಟು. ನೀರು ಬಂದ ದಿನ ಚಿತ್ರಗಳನ್ನು ಅಚ್ಚುಹಾಕುವ ಪತ್ರಿಕೆಯು, ನೀರಿಳಿದ ಮೇಲೆ ಕಟ್ಟೆಯ ದುರಸ್ತಿಯಾಯಿತೇ, ಪರಿಹಾರವು ಅರ್ಹರಿಗೆ ಮುಟ್ಟಿತೇ ಎಂದೂ ವಿಚಾರಿಸಬೇಕು. ಓದುಗರಾದ ನಾವು ಅದನ್ನು ಕೇಳಬೇಕು.

ವಿದ್ಯಾರ್ಥಿಗಳು ನೆನಪಿಡಬೇಕಾದುದು

ಹರಿಯುವ ನೀರಿನ ಆಳವನ್ನು ಕಣ್ಣಿನಿಂದ ಅಳೆಯಲಾಗದು. ತುಂಬಿದ ನಾಲಾವನ್ನು ಎಂದಿಗೂ ದಾಟಬಾರದು. ನೀರು ನಿಂತ ಬೀದಿಯಲ್ಲಿ ಬಾಯಿ ತೆರೆದ ಮೋರಿ ಇರಬಹುದು. ವಿದ್ಯುತ್ ಕಂಬದಲ್ಲಿ ವಿದ್ಯುತ್ತು ಹರಿಯುತ್ತಿರಬಹುದು. ಮನೆಯೊಳಗೆ ನೀರು ಬರುವ ಸೂಚನೆಯಿದ್ದರೆ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಹಿರಿಯರಿಂದ ಆರಿಸಿ, ಪಡಿತರ ಚೀಟಿ, ಶಾಲೆಯ ಪ್ರಮಾಣಪತ್ರ ಮುಂತಾದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಬೇಕು. ಮಳೆ ನಿಂತರೂ ಮರದ ಹನಿ ನಿಲ್ಲದೆಂಬಂತೆ, ಮೇಲಿನ ಕೆರೆಗಳ ನೀರು ಮಳೆ ನಿಂತ ಮೇಲೆಯೂ ಬರುತ್ತಿರುತ್ತದೆ. ಅವಸರಪಟ್ಟು ಮನೆಗೆ ಮರಳಬಾರದು. ಪ್ರವಾಹದ ಬಳಿಕ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು.

ಅಭ್ಯಾಸ

1. ನಿಮ್ಮ ಮನೆಗೆ ಅತ್ಯಂತ ಸಮೀಪದ ಕೆರೆ ಯಾವುದು? ಅದರ ಕೋಡಿಯ ನೀರು ಯಾವ ದಾರಿಯಾಗಿ ಎಲ್ಲಿಗೆ ಹೋಗುವುದೆಂಬುದನ್ನು ಹಿರಿಯರೊಡನೆ ನಡೆದು ನೋಡಿ, ನಕ್ಷೆ ಬರೆಯಿರಿ.

2. ನಮ್ಮ ಶಾಲೆಯ ಮಾಳಿಗೆಯ ಉದ್ದ ಅಗಲಗಳನ್ನು ಅಳೆದು, ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಎಷ್ಟು ಘನ ಅಡಿ ನೀರಾಗುವುದೆಂದು ಲೆಕ್ಕಮಾಡಿರಿ.

3. 1908ರ ಮತ್ತು 2020ರ ಪ್ರವಾಹಗಳಿಗೆ ಸಮಾನವಾದ ಕಾರಣಗಳಾವುವು? ಬೇರೆಯಾದವುಗಳಾವುವು?

4. 2020ರ ಅಕ್ಟೋಬರಿನಲ್ಲಿ ನಿಮ್ಮ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ನೆರೆಯವರನ್ನು ಕೇಳಿ ತಿಳಿದು, ಆ ಎತ್ತರವನ್ನು ಬರೆದಿಡಿರಿ. ವಿಶ್ವೇಶ್ವರಯ್ಯನವರೂ ಇಂತಹ ಗುರುತುಗಳಿಂದಲೇ ತಮ್ಮ ಕೆಲಸವನ್ನು ಆರಂಭಿಸಿದರು.