ವೋಲ್ಟೇಜ್ ಏರಿಸಿದ ಮೇಲೆ ಇನ್ನೂ ಬೇಗ ಬೀಳುತ್ತಿದೆ, ಯಾಕೆ?

ಪ್ರಶ್ನೆ: ಸರ್, ಡಿಪ್ಲೊಮಾ ಮುಗಿಸಿ ರಾಯಚೂರಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡಿಕೊಂಡಿದ್ದೇನೆ. ಅಪ್ಪ ಸಾಲ ಮಾಡಿ ಕಂಪ್ಯೂಟರ್ ಕೊಡಿಸಿದ್ದಾರೆ, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಯೂಟ್ಯೂಬ್ ನೋಡಿ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕೋರ್ ಕ್ಲಾಕ್ +150, ಮೆಮೊರಿ +800 ಇಟ್ಟೆ. ಎರಡು ದಿನ ಚೆನ್ನಾಗಿತ್ತು. ಆಮೇಲೆ ಆಟ ಆಡುವಾಗ ಸ್ಕ್ರೀನ್ ಕಪ್ಪಾಗಿ, ಆಟ ಮುಚ್ಚಿಹೋಗಿ ಡೆಸ್ಕ್‌ಟಾಪ್ ಬರತೊಡಗಿತು. ವೋಲ್ಟೇಜ್ ಸಾಲದೇನೋ ಎಂದು ಕೋರ್ ವೋಲ್ಟೇಜ್ ಸ್ಲೈಡರನ್ನು ಪೂರ್ತಿ 100ಕ್ಕೆ ತಳ್ಳಿದೆ. ಈಗ ಮೊದಲಿಗಿಂತ ಬೇಗ ಬೀಳುತ್ತಿದೆ. ಫರ್‌ಮಾರ್ಕ್ ಎಂಬ ಪರೀಕ್ಷೆ ಅರ್ಧ ಗಂಟೆ ಓಡಿಸಿದರೆ ಮಾತ್ರ ಏನೂ ಆಗುವುದಿಲ್ಲ! ಅಪ್ಪ ‘ಕರೆಂಟಿನ ವೋಲ್ಟೇಜ್ ಸರಿ ಇಲ್ಲ, ಸ್ಟೆಬಿಲೈಸರ್ ತಗೊಂಡ್ ಬಾ’ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವರಿಗೆ ಹೇಳಿಲ್ಲ. ಕಾರ್ಡ್ ಸುಟ್ಟುಹೋಗಿದೆಯಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಇವತ್ತು ಧೈರ್ಯವಾಗಿ ಮಲಗಿ. ಸುಟ್ಟ ಕಾರ್ಡು ಅರ್ಧ ಗಂಟೆ ಫರ್‌ಮಾರ್ಕ್ ಓಡಿಸುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ವೋಲ್ಟೇಜ್ ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಅದರ ಬಯಾಸ್‌ನಲ್ಲೇ ಬೀಗ ಇದೆ. ಆ ಸ್ಲೈಡರನ್ನು ಪೂರ್ತಿ ಬಲಕ್ಕೆ ತಳ್ಳಿದರೂ ಬೀಗ ತೆರೆಯುವುದಿಲ್ಲ.

ಅಪ್ಪನವರ ಅನುಮಾನವನ್ನು ಮೊದಲು ಮುಗಿಸೋಣ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ 12 ವೋಲ್ಟ್ ಮಾಡುತ್ತದೆ. ಆ 12 ವೋಲ್ಟನ್ನು ಕಾರ್ಡಿನ ಮೇಲೇ ಇರುವ ವಿಆರ್‌ಎಂ ಎಂಬ ಭಾಗ ಹೆಚ್ಚುಕಡಿಮೆ ಒಂದು ವೋಲ್ಟಿಗೆ ಇಳಿಸಿ ಚಿಪ್ಪಿಗೆ ಕೊಡುತ್ತದೆ. ನಿಮ್ಮ ಕಾರ್ಡು ತಿನ್ನುವ 170 ವಾಟ್ ಗೋಡೆಯ ಪ್ಲಗ್ಗಿನಲ್ಲಿ ಒಂದು ಆಂಪಿಯರ್ ಕೂಡ ಆಗುವುದಿಲ್ಲ. 12 ವೋಲ್ಟಿನ ವೈರಿಗೆ ಬರುವಷ್ಟರಲ್ಲಿ 14 ಆಂಪಿಯರ್. ಅದರಲ್ಲಿ ಚಿಪ್ಪಿನ ಪಾಲಿಗೆ 100 ವಾಟ್ ಹೋಗುತ್ತದೆ ಅಂದುಕೊಳ್ಳಿ, ಒಂದು ವೋಲ್ಟಿನಲ್ಲಿ ಅದು 100 ಆಂಪಿಯರ್! ಬೆರಳುಗುರಿನಷ್ಟು ದೂರದಲ್ಲಿ ನಡೆಯುವ ಈ ವ್ಯವಹಾರಕ್ಕೂ ಬೀದಿಯ ಟ್ರಾನ್ಸ್‌ಫಾರ್ಮರಿಗೂ ನಡುವೆ ಎರಡು ಮೆಟ್ಟಿಲಿದೆ. ಕರೆಂಟಿನದೋ ಎಸ್‌ಎಂಪಿಎಸ್‌ನದೋ ತಕರಾರಾಗಿದ್ದರೆ ಕಂಪ್ಯೂಟರೇ ಆಫ್ ಆಗುತ್ತಿತ್ತು ಅಥವಾ ರೀಸ್ಟಾರ್ಟ್ ಆಗುತ್ತಿತ್ತು. ನಿಮ್ಮದು ಕಪ್ಪಾಗಿ ಮತ್ತೆ ಡೆಸ್ಕ್‌ಟಾಪಿಗೆ ಬರುತ್ತಿದೆ. ಅಂದರೆ ಚಿಪ್ ಉತ್ತರ ಕೊಡದೆ ನಿಂತಿದೆ, ವಿಂಡೋಸ್ ಎರಡು ಸೆಕೆಂಡು ಕಾದು ಡ್ರೈವರನ್ನು ಎಬ್ಬಿಸಿ ಕೂರಿಸಿದೆ. ಈವೆಂಟ್ ವ್ಯೂವರ್ ತೆರೆದು ನೋಡಿದರೆ ಎನ್‌ವಿ‌ಎಲ್‌ಡಿಡಿಎಂಕೆಎಂ ಎಂಬ ನಾಲಿಗೆ ತಿರುಗದ ಹೆಸರಿನ ದೂರು ಸಾಲುಸಾಲಾಗಿ ಸಿಗುತ್ತದೆ. ಅದು ಎನ್‌ವಿಡಿಯಾ ಡ್ರೈವರ್.

ಇನ್ನು ನಿಮ್ಮ ಒಗಟು. ವೋಲ್ಟೇಜ್ ಕೊಟ್ಟರೆ ಗಟ್ಟಿಯಾಗಬೇಕಿತ್ತು, ಬದಲಿಗೆ ಇನ್ನೂ ಬೇಗ ಬೀಳುತ್ತಿದೆ. ಇದರಲ್ಲಿ ನಿಮ್ಮ ತಪ್ಪು ಕಡಿಮೆ, ಹಳೆಯ ಪಾಠಗಳದ್ದು ಹೆಚ್ಚು. 2012ರಲ್ಲಿ ಜಿಟಿಎಕ್ಸ್ 680 ಜೊತೆ ಜಿಪಿಯು ಬೂಸ್ಟ್ ಎಂಬ ವ್ಯವಸ್ಥೆ ಬರುವ ಮುಂಚೆ, ಆ ಸ್ಲೈಡರಿನಲ್ಲಿ ಇಷ್ಟು ಮಿಲಿವೋಲ್ಟ್ ಅಂದರೆ ಅಷ್ಟು ಹೋಗುತ್ತಿತ್ತು. ಸ್ಪೀಡು ಒಂದು ಕಡೆ, ವೋಲ್ಟೇಜ್ ಒಂದು ಕಡೆ, ಎರಡನ್ನೂ ನೀವೇ ಹಿಡಿಯಬೇಕು. ಈಗ ಹಾಗಿಲ್ಲ. ಕಾರ್ಡಿನೊಳಗೆ ಒಂದು ಏಣಿ ಇದೆ, ಒಂದೊಂದು ಮೆಟ್ಟಿಲಿಗೂ ಇಂತಿಷ್ಟು ವೋಲ್ಟೇಜ್, ಅದಕ್ಕೆ ಇಂತಿಷ್ಟು ಮೆಗಾಹರ್ಟ್ಸ್ ಎಂದು ಬರೆದಿದೆ. ಕಾರ್ಡು ಶಾಖ, ವಾಟು ನೋಡಿಕೊಂಡು ತಾನೇ ಹತ್ತುತ್ತದೆ, ತಾನೇ ಇಳಿಯುತ್ತದೆ. ನೀವು ಇಟ್ಟ +150 ಎಲ್ಲ ಮೆಟ್ಟಿಲಿನ ಸ್ಪೀಡನ್ನೂ ಏರಿಸಿತು, ವೋಲ್ಟೇಜ್ ಮಾತ್ರ ಇದ್ದಷ್ಟೇ ಇತ್ತು. ಆಮೇಲೆ ತಳ್ಳಿದ ಆ 100 ಇದೆಯಲ್ಲ, ಅದು ಶೇಕಡಾ ಲೆಕ್ಕ, ಮಿಲಿವೋಲ್ಟ್ ಅಲ್ಲ. ಇದ್ದ ಮೆಟ್ಟಿಲುಗಳಿಗೆ ಅದು ಒಂದು ಹನಿ ವೋಲ್ಟೇಜನ್ನೂ ಸೇರಿಸಲಿಲ್ಲ. ಏಣಿಯ ತುದಿಯಲ್ಲಿ ಮುಚ್ಚಿಟ್ಟಿದ್ದ ಕೆಲವು ಮೆಟ್ಟಿಲುಗಳಿಗೆ ಹತ್ತಲು ಅನುಮತಿ ಕೊಟ್ಟಿತು, ಅಷ್ಟೇ. ಅಲ್ಲಿ ಸ್ಪೀಡು ಇನ್ನೂ ಹೆಚ್ಚು. ಜಾರುವ ಜಾಗ ಅದೇ.

ಫರ್‌ಮಾರ್ಕ್ ಸುಮ್ಮನಿರುವುದೂ ಇದೇ ಕಾರಣಕ್ಕೆ. ಅದು ಕಾರ್ಡನ್ನು ಎಷ್ಟು ದುಡಿಸುತ್ತದೆ ಎಂದರೆ ಕೆಲವೇ ಕ್ಷಣಗಳಲ್ಲಿ 170 ವಾಟಿನ ಗೋಡೆ ತಾಗಿ, ಕಾರ್ಡು ಏಣಿಯ ನಡುಮಟ್ಟಕ್ಕೆ ಇಳಿದುಬಿಡುತ್ತದೆ. ಅಪಾಯದ ತುದಿಗೆ ಅದು ಹೋಗುವುದೇ ಇಲ್ಲ. ಆಟದ ಮೆನು, ಲೋಡಿಂಗ್ ಸ್ಕ್ರೀನ್, ಗೋಡೆಗೆ ಮುಖ ಮಾಡಿ ನಿಂತ ದೃಶ್ಯ, ಇಲ್ಲೆಲ್ಲ ಹೊರೆ ಹಗುರ, ವಾಟಿಗೆ ಬೇಕಾದಷ್ಟು ಜಾಗ. ಕಾರ್ಡು ತುದಿಗೆ ಓಡುತ್ತದೆ, ಬೀಳುತ್ತದೆ. ನೀವೇ ನೆನಪು ಮಾಡಿಕೊಳ್ಳಿ, ಬಿದ್ದದ್ದು ದೊಡ್ಡ ಕಾಳಗದ ನಡುವೆಯೋ, ಅದು ಮುಗಿದು ಮುಂದಿನ ಹಂತ ಲೋಡ್ ಆಗುವಾಗಲೋ? ಜಿಪಿಯು-ಜೆಡ್ ಎಂಬ ಪುಟ್ಟ ತಂತ್ರಾಂಶದ ಸೆನ್ಸರ್ ಪುಟದಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲಿದೆ, ಅದನ್ನು ತೆರೆದಿಟ್ಟು ಆಡಿ. ‘ಪವರ್’ ಎಂದು ತೋರಿಸಿದರೆ ವಾಟಿನ ಗೋಡೆ, ‘ವಿರೆಲ್’ ಎಂದರೆ ವೋಲ್ಟೇಜಿನ ತುದಿ. ಎರಡನೆಯದು ಕಂಡ ಹೊತ್ತಿಗೇ ಬಿದ್ದರೆ ಮೇಲೆ ಹೇಳಿದ ಮಾತು ರುಜುವಾತಾದಂತೆ.

ಈಗ ಮಾಡಬೇಕಾದ್ದು. ಆಫ್ಟರ್‌ಬರ್ನರ್‌ನಲ್ಲಿ ರೀಸೆಟ್ ಒತ್ತಿ ಎಲ್ಲವನ್ನೂ ಸೊನ್ನೆಗೆ ತನ್ನಿ. ವಿಂಡೋಸ್ ಶುರುವಾದಾಗಲೇ ಸೆಟ್ಟಿಂಗ್ ಹಚ್ಚುವ ಗುರುತು ಹಾಕಿದ್ದರೆ ತೆಗೆಯಿರಿ, ಇದನ್ನು ಮರೆತವರು ಕೊನೆಗೆ ಸೇಫ್ ಮೋಡಿನಲ್ಲಿ ಕೂತು ಪರದಾಡುತ್ತಾರೆ. ಎರಡು ದಿನ ಹಾಗೇ ಬಳಸಿ. ಸೊನ್ನೆಯಲ್ಲೂ ಬಿದ್ದರೆ ಓವರ್‌ಕ್ಲಾಕಿನ ಮಾತೇ ಅಲ್ಲ, ಕಾರ್ಡಿಗೆ ಹೋಗುವ ಪವರ್ ವೈರನ್ನು ಬಿಚ್ಚಿ ‘ಟಕ್’ ಎನ್ನುವವರೆಗೆ ಮತ್ತೆ ಒತ್ತಿ ನೋಡಿ. ನಾನು ಒಮ್ಮೆ ಎರಡು ವಾರ ಮಿಲಿವೋಲ್ಟ್ ಲೆಕ್ಕ ಹಾಕುತ್ತ ಕೂತಿದ್ದೆ. ಕ್ಯಾಬಿನೆಟ್ ಧೂಳು ಹೊಡೆಯಲು ತೆಗೆದಾಗ ನೋಡಿದರೆ ಎಂಟು ಪಿನ್ನಿನ ಕನೆಕ್ಟರ್ ಅರ್ಧ ಮಾತ್ರ ಕೂತಿತ್ತು. ಅದನ್ನೂ ನೋಡಿ, ಡ್ರೈವರನ್ನೂ ಹೊಸದಾಗಿ ಹಾಕಿ, ಆಗಲೂ ಬಿದ್ದರೆ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ.

ಸೊನ್ನೆಯಲ್ಲಿ ಸರಿ ಇದ್ದರೆ ಕೋರನ್ನು +30, +45, +60 ಹೀಗೆ ಹದಿನೈದರ ಲೆಕ್ಕದಲ್ಲಿ ಏರಿಸಿ. ಕಾರ್ಡು ಓಡುವುದೇ 15 ಮೆಗಾಹರ್ಟ್ಸ್ ಗುಪ್ಪೆಗಳಲ್ಲಿ, ನಡುವಿನ ಅಂಕಿ ಹಾಕಿ ಪ್ರಯೋಜನವಿಲ್ಲ. ವೋಲ್ಟೇಜ್ ಸ್ಲೈಡರ್ ಸೊನ್ನೆಯಲ್ಲೇ ಇರಲಿ. ಕೋರನ್ನು ಪರೀಕ್ಷಿಸುವಾಗ ಮೆಮೊರಿ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾರು ಬೀಳಿಸಿದರು ಎಂದು ಗೊತ್ತಾಗುವುದಿಲ್ಲ. ಸ್ಕ್ರೀನಿನಲ್ಲಿ ಬಣ್ಣದ ಚುಕ್ಕೆ, ಚೌಕ ಮಿನುಗಿದರೆ ಮೊದಲ ಅನುಮಾನ ಮೆಮೊರಿಯ ಮೇಲೆ ಇರಲಿ. ಕೋರ್ ವೋಲ್ಟೇಜಿಗೂ ಮೆಮೊರಿಯ ವೋಲ್ಟೇಜಿಗೂ ಸಂಬಂಧವಿಲ್ಲ, ಅದನ್ನು ಏರಿಸಿ ಇದನ್ನು ಉಳಿಸಲಾಗದು.

ನನ್ನನ್ನು ಕೇಳಿದರೆ ನಿಮ್ಮ ಊರಿಗೆ, ನಿಮ್ಮ ಕೆಲಸಕ್ಕೆ ಏರಿಸುವುದಕ್ಕಿಂತ ಇಳಿಸುವುದೇ ಮೇಲು. ಚಿಪ್ ತಿನ್ನುವ ವಾಟು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.05ರಿಂದ 1.10 ವೋಲ್ಟಿಗೆ ಹೋದರೆ, ಸ್ಪೀಡು ಅಷ್ಟೇ ಇದ್ದರೂ, ಸುಮಾರು ಶೇ. 10 ಹೆಚ್ಚು ಶಾಖ. ಅದೇ 1.05ರಿಂದ 0.90ಕ್ಕೆ ಇಳಿದರೆ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್, ಎಫ್ ಒಟ್ಟಿಗೆ ಒತ್ತಿದರೆ ಆ ಏಣಿಯೇ ಗೆರೆಯಾಗಿ ಕಾಣುತ್ತದೆ. 900 ಮಿಲಿವೋಲ್ಟಿನ ಚುಕ್ಕೆಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆಯ ಚುಕ್ಕೆಗಳನ್ನೆಲ್ಲ ಅದಕ್ಕಿಂತ ಕೆಳಗೆ ಎಳೆದು ಅಪ್ಲೈ ಕೊಡಿ. ಬಲಗಡೆಯ ಗೆರೆ ಚಪ್ಪಟೆಯಾಗುತ್ತದೆ. ಇನ್ನು ಕಾರ್ಡು 0.90 ವೋಲ್ಟ್ ದಾಟಿ ಹತ್ತುವುದಿಲ್ಲ, ಮೆನುವಿನಲ್ಲೂ ಕಾಳಗದಲ್ಲೂ ಒಂದೇ ಮೆಟ್ಟಿಲು. ಒಂದು ವಾರ ನೆಮ್ಮದಿಯಾಗಿ ಓಡಿದರೆ 1815, 1830 ನೋಡಿ. ಬಿದ್ದರೆ ಒಂದು ಹೆಜ್ಜೆ ಹಿಂದೆ. ಪಕ್ಕದ ಮನೆಯವರ 3060ಕ್ಕೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ, ಒಂದೇ ಗಿಡದ ಮೆಣಸಿನಕಾಯಿಯಲ್ಲೂ ಖಾರ ಹೆಚ್ಚುಕಡಿಮೆ ಇರುತ್ತದಲ್ಲ. ಒಮ್ಮೊಮ್ಮೆ 1800 ಇಟ್ಟದ್ದು 1785 ತೋರಿಸಿದರೆ ಗಾಬರಿ ಬೇಡ, ಕಾರ್ಡು ಬಿಸಿಯಾದಾಗ ಹಾಗೆ ಒಂದು ಗುಪ್ಪೆ ಇಳಿಯುತ್ತದೆ.

ಬೇರೆ ಕಾರ್ಡಿನ ಬಯಾಸ್ ತುಂಬುವುದು, ಬೋರ್ಡಿಗೆ ಬೆಸುಗೆ ಹಾಕಿ ವಾಟಿನ ಮಿತಿ ದಾಟಿಸುವುದು, ಇಂಥವನ್ನು ಹೇಳಿಕೊಡುವ ವಿಡಿಯೊಗಳೂ ಇವೆ. ಆ ಕಡೆ ತಲೆ ಹಾಕಬೇಡಿ. ಆಗ ಸುಡುವ ಮಾತು ನಿಜವಾಗುತ್ತದೆ.

ಇನ್ನೊಂದು. +150 ಅಂದರೆ ಎಷ್ಟು ಲಾಭ? ಸುಮಾರು 1950 ಮೆಗಾಹರ್ಟ್ಸ್ ಮೇಲೆ ಶೇ. 8 ಕೂಡ ಇಲ್ಲ. ನಲವತ್ತು ನಿಮಿಷದ ರೆಂಡರಿನಲ್ಲಿ ಹೆಚ್ಚೆಂದರೆ ಮೂರು ನಿಮಿಷ ಉಳಿದೀತು. ಎಕ್ಸ್‌ಪೋರ್ಟ್ ಕೆಲಸದ ದೊಡ್ಡ ಪಾಲನ್ನು ಎನ್‌ವೆಂಕ್ ಎಂಬ ಪ್ರತ್ಯೇಕ ಭಾಗ ಮಾಡುವುದರಿಂದ ಅಷ್ಟೂ ಸಿಗದಿರಬಹುದು. ಯಾರದೋ ಮನೆಯ ತಾಳಿ ಕಟ್ಟುವ ದೃಶ್ಯ ಎಕ್ಸ್‌ಪೋರ್ಟ್ ಆಗುತ್ತಿರುವಾಗ ಡ್ರೈವರ್ ಬಿದ್ದರೆ ಆ ಮೂರು ನಿಮಿಷಕ್ಕೆ ಮೂರು ಗಂಟೆ ತೆರಬೇಕಾಗುತ್ತದೆ.

ಅಪ್ಪನಿಗೆ ಹೇಳಿ. ಸ್ಟೆಬಿಲೈಸರ್ ಕೊಂಡು ಬರುವ ಮೊದಲೇ ಹೇಳಿ. ಊಟಕ್ಕೆ ಕೂತಾಗ ಇಷ್ಟಂದರೆ ಸಾಕು: ‘ಅಪ್ಪಾ, ತಪ್ಪು ಕರೆಂಟಿಂದಲ್ಲ, ನಂದು. ಸೆಟ್ಟಿಂಗ್ ಬದಲ್ ಮಾಡಿದ್ದೆ, ಈಗ ಮೊದಲಿನಂಗ ಇಟ್ಟೀನಿ.’