ಪ್ಲಾಸ್ಮಾದಲ್ಲಿ ಇಂಗಾಲದ ಡೈಆಕ್ಸೈಡ್: ಒಡೆಯುವ ಬಗೆ, ಎಣಿಸುವ ಬಗೆ

ಗುಡುಗುಮಳೆಯ ಸಂಜೆ ಬಂಡಳ್ಳಿಯ ಮನೆಯ ಜಗುಲಿಯಲ್ಲಿ ಕುಳಿತು ಬೆಟ್ಟಗಳ ಕಡೆ ನೋಡಿದರೆ ಮಿಂಚು ಆಕಾಶವನ್ನು ಸೀಳಿದಂತೆ ತೋರುತ್ತದೆ. ಆ ಬೆಳಕಿನ ಗೆರೆಯಲ್ಲಿ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳು ಕಳಚಿ ಸ್ವತಂತ್ರವಾಗಿ ಚಲಿಸುತ್ತಿರುತ್ತವೆ. ಅನಿಲದ ಇಂತಹ ಸ್ಥಿತಿಗೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ 1928ರಲ್ಲಿ ‘ಪ್ಲಾಸ್ಮಾ’ ಎಂದು ಹೆಸರಿಟ್ಟರು. ಭೂಮಿಯ ತಾಪವನ್ನು ಏರಿಸುತ್ತಿರುವ ಇಂಗಾಲದ ಡೈಆಕ್ಸೈಡನ್ನು ಈ ಪ್ಲಾಸ್ಮಾದಲ್ಲಿ ಒಡೆದು, ಇಂಧನ ತಯಾರಿಕೆಗೆ ಒದಗುವ ಇಂಗಾಲದ ಮಾನಾಕ್ಸೈಡನ್ನು ಪಡೆಯಬಹುದೇ? ಪಡೆಯಬಹುದು, ಆದರೆ ಎಷ್ಟು ವೆಚ್ಚದಲ್ಲಿ ಎಂಬುದೇ ಪ್ರಶ್ನೆ.

ಮೊದಲು ವೆಚ್ಚವನ್ನು ಎಣಿಸೋಣ. ಒಂದು ಅಣುವಿನಿಂದ ಒಂದು ಆಮ್ಲಜನಕ ಪರಮಾಣುವನ್ನು ಕೀಳಲು ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎರಡು ಅಣುಗಳಿಗೆ 11. ಬಿಡುಗಡೆಯಾದ ಎರಡು ಪರಮಾಣುಗಳು ಕೂಡಿ ಆಮ್ಲಜನಕದ ಅಣುವಾದಾಗ ಸುಮಾರು 5.1 ಮರಳಿ ಬರುತ್ತದೆ. ಉಳಿದ 5.9ನ್ನು ಎರಡರಿಂದ ಭಾಗಿಸಿದರೆ ಅಣುವೊಂದಕ್ಕೆ ಸುಮಾರು 2.9. ಯಾವ ವಿಧಾನದ ದಕ್ಷತೆಯನ್ನಾದರೂ ಅಳೆಯಲು ಇದೇ ನಮ್ಮ ಅಳತೆಗೋಲು.

ಅಣುವನ್ನು ಒಡೆಯಲು ಎರಡು ದಾರಿಗಳನ್ನು ಊಹಿಸಬಹುದು. ವೇಗದ ಎಲೆಕ್ಟ್ರಾನೊಂದು ಬಡಿದು ಒಂದೇ ಏಟಿಗೆ ಒಡೆಯುವುದು ಮೊದಲನೆಯದು. ಇದಕ್ಕೆ 7 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಬೇಕು. ಹೆಚ್ಚಿನ ಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಎರಡನೆಯದು ತಾಳುಬೆಟ್ಟದಿಂದ ಮಲೆ ಮಹದೇಶ್ವರನ ಸನ್ನಿಧಿಗೆ ಕಾಲ್ನಡೆಯಲ್ಲಿ ಏರುವ ಯಾತ್ರಿಕರ ದಾರಿ: ಹಂತ ಹಂತವಾಗಿ ಏರುವುದು. ನಿಧಾನವಾದ ಎಲೆಕ್ಟ್ರಾನುಗಳು ತಾಗಿದಾಗ ಅಣು ಕಂಪಿಸತೊಡಗುತ್ತದೆ. ಈ ಕಂಪನದ ಮೊದಲ ಮೆಟ್ಟಿಲಿನ ಎತ್ತರ ಸುಮಾರು 0.29 ಎಲೆಕ್ಟ್ರಾನ್ ವೋಲ್ಟ್. ಮೇಲೇರಿದಂತೆ ಮೆಟ್ಟಿಲುಗಳು ತಗ್ಗುತ್ತವೆ. ಕಂಪಿಸುವ ಎರಡು ಅಣುಗಳು ಸಂಧಿಸಿದಾಗ ಒಂದು ಕೆಳಗಿಳಿದು ಮತ್ತೊಂದನ್ನು ಮೇಲಕ್ಕೆ ತಳ್ಳಬಲ್ಲುದು. ತುದಿ ಮುಟ್ಟಿದ ಅಣು ತಾನಾಗಿ ಒಡೆಯುತ್ತದೆ. ಅನಿಲ ಬಿಸಿಯಾದರೆ ಮಾತ್ರ ಇತರ ಅಣುಗಳ ಡಿಕ್ಕಿಯಿಂದ ಅದು ನಡುದಾರಿಯಲ್ಲೇ ಕೆಳಗೆ ಜಾರುತ್ತದೆ.

ಯಾವ ದಾರಿ ಎಷ್ಟು ನಡೆಯುತ್ತದೆಂದು ಕಣ್ಣಿಗೆ ಕಾಣದು. ಆದ್ದರಿಂದಲೇ ಗಣಿತ ಮಾದರಿ ಬೇಕು. ಅದರ ತತ್ತ್ವ ಕೆರೆಯ ನೀರಿನ ಲೆಕ್ಕದಷ್ಟೇ ಸರಳ: ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಹೆಚ್ಚಳ. ಪ್ರತಿಯೊಂದು ಬಗೆಯ ಕಣಕ್ಕೂ, ಪ್ರತಿಯೊಂದು ಮೆಟ್ಟಿಲಿನಲ್ಲಿರುವ ಅಣುವಿಗೂ ಬೇರೆ ಬೇರೆ ಸಮೀಕರಣ ಬರೆದು, ಗಣಕಯಂತ್ರದಿಂದ ಅವನ್ನೆಲ್ಲ ಕ್ಷಣಕ್ಷಣಕ್ಕೆ ಒಟ್ಟಿಗೆ ಬಿಡಿಸಬೇಕು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾನಿಲಯದಲ್ಲಿ ಕೊಜಾಕ್ ಮತ್ತು ಬೊಗಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಇಂತಹ 21 ಮೆಟ್ಟಿಲುಗಳಿವೆ.

ಆದರೆ ಮಾದರಿ ಹೇಳಿದ್ದೆಲ್ಲ ನಿಜವೆಂದು ನಂಬುವಂತಿಲ್ಲ. ಮೆಟ್ಟಿಲ ದಾರಿ ಲಾಭದಾಯಕವಾಗಬೇಕಾದರೆ ಅನಿಲ ತಣ್ಣಗಿರಬೇಕು. ಮುಂದೆ ಮೈಕ್ರೋವೇವ್ ಪ್ಲಾಸ್ಮಾಗಳ ಒಳಗೆ ತಾಪವನ್ನು ಅಳೆದಾಗ ಅನೇಕ ಕಡೆ 3000 ಕೆಲ್ವಿನ್‌ಗೂ ಮೀರಿದ ಬಿಸಿ ಕಂಡುಬಂತು. ಅಷ್ಟು ಬಿಸಿಯಲ್ಲಿ ಅಣುಗಳನ್ನು ಒಡೆಯುವುದು ಮುಖ್ಯವಾಗಿ ಶಾಖವೇ. ಆಗ ಪ್ರಶ್ನೆಯೂ ಬದಲಾಯಿತು: ಒಡೆದ ತುಣುಕುಗಳು ಮತ್ತೆ ಕೂಡದಂತೆ ಅನಿಲವನ್ನು ತಟ್ಟನೆ ತಣಿಸುವುದು ಹೇಗೆ? ಅಳತೆ ಮಾದರಿಯನ್ನು ತಿದ್ದಿತು. ತಿದ್ದಿದ ಮಾದರಿ ಮುಂದಿನ ಪ್ರಯೋಗಕ್ಕೆ ದಾರಿ ತೋರಿತು.

ಈ ಲೆಕ್ಕದ ಮೇಲೆ ನಿಂತಿರುವುದು ಸಣ್ಣ ವಿಷಯವಲ್ಲ. ಕಲ್ಲಿದ್ದಲಿನ ವಿದ್ಯುತ್ತನ್ನು ಬಳಸಿದರೆ ಒಡೆದ ಅನಿಲಕ್ಕಿಂತ ಹೊಗೆಯಾಗಿ ಬಂದ ಅನಿಲವೇ ಹೆಚ್ಚಾದೀತು. ಬಂಡಳ್ಳಿಯ ಸೀಮೆಗೆ ಹತ್ತಿರದ ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ಧುಮುಕುವ ನೀರು ಹೊಗೆಯಿಲ್ಲದೆ ವಿದ್ಯುತ್ತನ್ನು ಕೊಟ್ಟಿದೆ. ಇಂತಹ ವಿದ್ಯುತ್ತೂ ತಪ್ಪಿಲ್ಲದ ಲೆಕ್ಕವೂ ಕೂಡಿದಾಗಲೇ ಈ ವಿದ್ಯೆ ಲೋಕಕ್ಕೆ ಉಪಕಾರಿಯಾದೀತು.