ಅಂಟು ಹಚ್ಚುವ ಮೊದಲು ಕೂಡಿಸಿ ನೋಡು

ಮಗೂ, ಊಟದ ಮೇಜು ಮಾಡಲು ಹೊರಟಿದ್ದೀಯ ಎಂದು ನಿನ್ನಮ್ಮ ಹೇಳಿದಳು. ಕಾಲಿಗೂ ಅಡ್ಡಪಟ್ಟಿಗೂ ಗುಳಿ ತೆಗೆದು, ನಡುವೆ ಬಿಡಿ ಟೆನನ್, ಅಂದರೆ ಎರಡೂ ಗುಳಿಗಳೊಳಗೆ ಹೋಗುವ ಪ್ರತ್ಯೇಕ ಮರದ ತುಂಡು, ಕೂರಿಸುತ್ತೀಯಂತೆ. ಒಳ್ಳೆಯ ಜೋಡಣೆ, ಬಹಳ ಹಳೆಯದೂ ಹೌದು. ಈಜಿಪ್ಟಿನ ಖುಫು ದೊರೆಯ ದೋಣಿಗೆ ನಾಲ್ಕೂವರೆ ಸಾವಿರ ವರ್ಷ. 43 ಮೀಟರಿಗೂ ಉದ್ದವಾದ ಆ ದೋಣಿಯ ಹಲಗೆಗಳ ನಡುವೆ ಇಂಥವೇ ಬಿಡಿ ಟೆನನ್‌ಗಳಿವೆ. ಹಲಗೆಗಳನ್ನು ಬಿಗಿದದ್ದು ಅಂಟಲ್ಲ, ಹಗ್ಗ. 1954ರಲ್ಲಿ ಬಿಡಿಬಿಡಿಯಾಗಿ ಸಿಕ್ಕಿದ ಆ ದೋಣಿಯನ್ನು ಮತ್ತೆ ಜೋಡಿಸಲು ಸಾಧ್ಯವಾಯಿತು. ನೀನು ಹಚ್ಚುವ ಬಿಳಿ ಅಂಟು ಹಾಗೆ ಬಿಟ್ಟುಕೊಡುವುದಿಲ್ಲ.

ಅದಕ್ಕೇ ಈ ಮಾತು: ಇಡೀ ಚೌಕಟ್ಟನ್ನು ಅಂಟಿಲ್ಲದೆ ಒಮ್ಮೆ ಪೂರ್ತಿ ಕೂಡಿಸು. ಒಂದೊಂದೇ ಸಂದು ನೋಡಿ ತೃಪ್ತಿಪಡಬೇಡ. ನಾನು ಹಾಗೆ ಮಾಡಿ ಒಂದು ಸಾಗುವಾನಿ ಮೇಜು ಕೆಡಿಸಿದ್ದೇನೆ. ನಾಲ್ಕು ಕಾಲು, ನಾಲ್ಕು ಪಟ್ಟಿ, ಎಂಟು ಸಂದು. ಪ್ರತಿಯೊಂದೂ ಬೇರೆಬೇರೆಯಾಗಿ ಚೆನ್ನಾಗಿಯೇ ಕೂತಿತ್ತು. ಅಂಟು ಹಚ್ಚಿ ಬಿಗಿದಾಗ ಏಳು ಮುಚ್ಚಿದವು, ಎಂಟನೆಯದು 2 ಮಿಲಿಮೀಟರ್ ಬಾಯಿ ತೆರೆದೇ ನಿಂತಿತು. ಕಾಲಿನೊಳಗೆ ಎರಡು ಗುಳಿಗಳು ಮೂಲೆಯಲ್ಲಿ ಸೇರುತ್ತಿದ್ದವು. ಒಂದು ಟೆನನ್ನಿನ ತುದಿ ಇನ್ನೊಂದಕ್ಕೆ ಗುದ್ದುತ್ತಿತ್ತು. ಎರಡರ ತುದಿಯನ್ನೂ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ದರೆ ಸಾಕಿತ್ತು. ಕೊಡತಿಯಿಂದ ಹೊಡೆದೆ, ಕ್ಲ್ಯಾಂಪ್ ಇನ್ನಷ್ಟು ತಿರುಗಿಸಿದೆ. ಅಷ್ಟರಲ್ಲಿ ಉಳಿದವು ಹಿಡಿದುಬಿಟ್ಟಿದ್ದವು. ಆ ಮರದ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಬಿಗಿ ಎಷ್ಟಿರಬೇಕು ಅಂದರೆ, ಟೆನನ್ ಹೆಬ್ಬೆರಳಿನ ಒತ್ತಿಗೆ ಒಳಗೆ ಹೋಗಬೇಕು, ಮರ ಬೋರಲು ಹಾಕಿದರೆ ಬೀಳಬಾರದು. ಒಣಗಿದ್ದಾಗಲೇ ಕೊಡತಿ ಕೇಳುವ ಟೆನನ್, ಅಂಟು ತಾಗಿದ ಮೇಲೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಳಿ ಅಂಟಿನಲ್ಲಿ ನೀರಿದೆ, ಮರ ಅದನ್ನು ಕುಡಿದು ಉಬ್ಬುತ್ತದೆ. ಗುಳಿಯ ತಳದಲ್ಲಿ ಅಂಟು ನಿಲ್ಲಲು ಒಂದೆರಡು ಮಿಲಿಮೀಟರ್ ಜಾಗವೂ ಬೇಕು. ಟೆನನ್ನಿನ ಮೈಗೆ ಉದ್ದಕ್ಕೆ ಒಂದು ಸಣ್ಣ ಗೆರೆ ಕೊರೆದರೆ ಹೆಚ್ಚಾದ ಅಂಟು ಅದರಲ್ಲಿ ಹೊರಬರುತ್ತದೆ; ದಾರಿ ಸಿಗದಿದ್ದರೆ ಆ ಒತ್ತಡಕ್ಕೆ ತೆಳು ಕಾಲು ಸೀಳುವುದೂ ಉಂಟು.

ಪರೀಕ್ಷೆಗೆಂದೇ ಬೇರೆ ಟೆನನ್ ಇಟ್ಟುಕೋ. ಅವನ್ನು ಮರಳುಕಾಗದದಲ್ಲಿ ಕೂದಲೆಳೆಯಷ್ಟು ಉಜ್ಜಿ ತೆಳುಮಾಡು, ಸಲೀಸಾಗಿ ಹೊರಬರುತ್ತವೆ. ಅಸಲಿ ಟೆನನ್ನುಗಳನ್ನು ಹತ್ತು ಸಲ ಹಾಕಿ ಕೀಳುತ್ತಿದ್ದರೆ ಗುಳಿಯ ಬಾಯಿ ಸಡಿಲವಾಗುತ್ತದೆ.

ಕೂಡಿಸಿದ ಮೇಲೆ ಕ್ಲ್ಯಾಂಪನ್ನೂ ಹಾಕು. ಇಲ್ಲಿ ಬಹಳ ಜನ ಸೋಮಾರಿತನ ಮಾಡುತ್ತಾರೆ. ಕ್ಲ್ಯಾಂಪ್ ಬಿಗಿದಾಗಲೇ ಮೂಲೆ ಜರುಗುವುದು, ಕಾಲು ಒಳಕ್ಕೆ ವಾಲುವುದು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಅಳೆ. ಎರಡೂ ಒಂದೇ ಬಂದರೆ ಚೌಕ ಸರಿಯಿದೆ. ವ್ಯತ್ಯಾಸ ಬಂದರೆ, ಉದ್ದ ಬಂದ ಕರ್ಣದ ಕಡೆಗೆ ಕ್ಲ್ಯಾಂಪನ್ನು ಸ್ವಲ್ಪ ಓರೆಮಾಡಿ ಬಿಗಿ. ಸಂದಿನ ಹಿಂದೆ ದೀಪ ಹಿಡಿದು ಬೆಳಕು ತೂರುತ್ತದೆಯೇ ನೋಡು. ಯಾವ ಸಂದು ಮೊದಲು, ಯಾವುದು ಆಮೇಲೆ ಎಂದು ಆಗಲೇ ತೀರ್ಮಾನಿಸಿ, ಪ್ರತಿ ಸಂದಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಒಂದೇ ಸಂಖ್ಯೆ ಬರೆ. ಎಂಟನ್ನೂ ಒಂದೇ ಉಸಿರಿಗೆ ಅಂಟಿಸುವ ಹಟ ಬೇಡ: ಈ ಕಡೆಯ ಎರಡು ಕಾಲು ಒಂದು ಪಟ್ಟಿ, ಆ ಕಡೆಯ ಎರಡು ಕಾಲು ಒಂದು ಪಟ್ಟಿ, ಅವು ಒಣಗಿದ ಮೇಲೆ ಉದ್ದದ ಪಟ್ಟಿಗಳು.

ಈಗ ಮಳೆಗಾಲ. ಟೆನನ್ನುಗಳನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಡು, ತೇವಕ್ಕೆ ಅವು ದಪ್ಪವಾಗುತ್ತವೆ. ಕ್ಲ್ಯಾಂಪ್ ಸಾಲದಿದ್ದರೆ ನನ್ನ ನಾಲ್ಕು ಉದ್ದದವು ಅಟ್ಟದ ಮೇಲಿವೆ, ಶನಿವಾರ ಬಂದು ತೆಗೆದುಕೊಂಡು ಹೋಗು.